ಫ್ಲೆಕ್ಸಿನ ಕೆಳಗಿನ ಸಣ್ಣ ಫೋಟೋ

ಇವತ್ತು ರಾಜಕೀಯ ಪಕ್ಕಕ್ಕಿಡೋಣ. ನಿಮ್ಮೂರಿನ ಬಸ್ ಸ್ಟ್ಯಾಂಡ್ ಹತ್ತಿರ ಕಟ್ಟಿರೋ ಫ್ಲೆಕ್ಸನ್ನ ಒಂದ್ಸಲ ನೆನಪು ಮಾಡಿಕೊಳ್ಳಿ. ನಡುವೆ ದೊಡ್ಡದಾಗಿ ಹೀರೋ. ಹಿಂದೆ ಬೆಂಕಿ, ಪಕ್ಕದಲ್ಲಿ ಒಂದು ಸಿಂಹ ಅಥವಾ ಆನೆ. ಮೇಲೆ ಹುಟ್ಟುಹಬ್ಬದ ಶುಭಾಶಯ. ನಾವೆಲ್ಲ ಇಷ್ಟು ನೋಡಿ ಮುಂದೆ ಹೋಗ್ತೀವಿ. ನಾನು ನೋಡಿ ಅಂತಿರೋದು ಅದರ ಕೆಳಗಿನ ಸಾಲನ್ನ. ಅಲ್ಲಿ ಹತ್ತು ಹದಿನೈದು ಸಣ್ಣ ಸಣ್ಣ ಫೋಟೋ ಇರುತ್ತೆ. ಕೂಲಿಂಗ್ ಗ್ಲಾಸ್ ಹಾಕಿದವನು, ಕೈ ಕಟ್ಟಿ ನಿಂತವನು, ಅಣ್ಣನ ಮದುವೆಯಲ್ಲಿ ತೆಗೆಸಿದ ಫೋಟೋ ಕೊಟ್ಟವನು. ಒಬ್ಬೊಬ್ಬನ ಕೆಳಗೂ ಹೆಸರು. ಆ ಹುಡುಗರ ಬಗ್ಗೆ ಇವತ್ತಿನ ಮಾತು.

ಬೆಳೆ ಸುದ್ದಿ ಮಾಡೋಕೆ ಅಂತ ದಾವಣಗೆರೆ ಜಿಲ್ಲೆಯ ನಾಲ್ಕು ತಾಲೂಕು ಸುತ್ತಿದ್ದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಒಂದೇ ಜಿಲ್ಲೆ ಅನ್ನೋದು ಬಿಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಸೀಮೆಗಳು. ಚನ್ನಗಿರಿ ಕಡೆ ಕಣ್ಣು ಹಾಯಿಸಿದಷ್ಟೂ ಅಡಿಕೆ, ಸೂಳೆಕೆರೆ ನೀರು. ಹೊನ್ನಾಳಿ ತುಂಗಭದ್ರೆಯ ದಡ. ನ್ಯಾಮತಿ ಮೊನ್ನೆ ಮೊನ್ನೆ ತಾಲೂಕಾಗಿದ್ದು, ಅಲ್ಲಿನವರಿಗೆ ದಾವಣಗೆರೆಗಿಂತ ಶಿವಮೊಗ್ಗವೇ ಹತ್ತಿರ. ಜಗಳೂರಿಗೆ ಬಂದರೆ ಮಳೆಯನ್ನೇ ನಂಬಿದ ಕೆಂಪು ನೆಲ, ಮೆಕ್ಕೆಜೋಳ. 1997ರಲ್ಲಿ ಹೊಸ ಜಿಲ್ಲೆ ಆಗೋವರೆಗೂ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಮಾತಿನ ಧಾಟಿಯೂ ಬೇರೆ, ಊಟವೂ ಬೇರೆ. ಆದರೆ ಫ್ಲೆಕ್ಸ್ ಮಾತ್ರ ನಾಲ್ಕೂ ಕಡೆ ಒಂದೇ.

ಹೊನ್ನಾಳಿಯಲ್ಲಿ ಒಬ್ಬ ಫ್ಲೆಕ್ಸ್ ಅಂಗಡಿಯವರ ಹತ್ತಿರ ಕೂತು ಮಾತಾಡಿದೆ. ಅವರಿಗೆ ವರ್ಷದ ಪಂಚಾಂಗ ಬೇರೆಯೇ ಇದೆ. ಜನವರಿ 8 ಯಶ್. ಫೆಬ್ರವರಿ 16 ದರ್ಶನ್. ಮಾರ್ಚ್ 17 ಅಪ್ಪು. ಏಪ್ರಿಲ್ 24 ಅಣ್ಣಾವ್ರು. ಜುಲೈ 12 ಶಿವಣ್ಣ. ಸೆಪ್ಟೆಂಬರ್ 2 ಸುದೀಪ್. ಸೆಪ್ಟೆಂಬರ್ 18 ಬಂದರೆ ವಿಷ್ಣು ದಾದಾ, ಉಪೇಂದ್ರ ಇಬ್ಬರದ್ದೂ ಒಂದೇ ದಿನ, ಅಂಗಡಿಯವರಿಗೆ ಡಬಲ್ ಕೆಲಸ. "ಹಬ್ಬ ತಪ್ಪಿದ್ರೂ ಇದು ತಪ್ಪಲ್ಲ ಸರ್" ಅಂದ್ರು. ನಡುವೆ ದೀಪಾವಳಿ ಆದ ಮೇಲೆ ಹೋರಿ ಹಬ್ಬದ ಫ್ಲೆಕ್ಸ್. ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ಇದನ್ನ ವಿವರಿಸಬೇಕಿಲ್ಲ. ಉಳಿದವರಿಗೆ ಹೇಳ್ತೀನಿ. ಹೋರಿಗೆ ಕೊಬ್ಬರಿ ಹಾರ ಕಟ್ಟಿ ಓಡಿಸ್ತಾರೆ, ಹುಡುಗರು ಅದನ್ನ ಹಿಡಿದು ಹಾರ ಕೀಳಬೇಕು. ಅಲ್ಲಿ ಹೋರಿಗೂ ಸಿನಿಮಾದ ಹೆಸರು, ಹೋರಿಗೂ ಅಭಿಮಾನಿ ಬಳಗ, ಹೋರಿಗೂ ಫ್ಲೆಕ್ಸ್. ಅದರ ಕೆಳಗೂ ಅದೇ ಹುಡುಗರ ಸಣ್ಣ ಫೋಟೋ. ಮೇಲಿನ ಚಿತ್ರ ಮನುಷ್ಯನದೇ ಆಗಬೇಕು ಅಂತೇನೂ ಇಲ್ಲ ಅನ್ನೋದು ನನಗೆ ಹೊಳೆದದ್ದು ಅಲ್ಲೇ.

ನ್ಯಾಮತಿಯಲ್ಲಿ ಚಹಾ ಅಂಗಡಿ ಮುಂದೆ ಆರೇಳು ಜನ ಸಿಕ್ಕಿದ್ರು. ಒಬ್ಬ ಜೆಸಿಬಿ ಓಡಿಸ್ತಾನೆ, ಒಬ್ಬ ಮೊಬೈಲ್ ಅಂಗಡಿಯಲ್ಲಿದ್ದಾನೆ, ಇಬ್ಬರು ಡಿಗ್ರಿ ಮುಗಿಸಿ ಮನೆಯಲ್ಲಿದ್ದಾರೆ. ಫ್ಲೆಕ್ಸಿಗೆ ತಲಾ ಮುನ್ನೂರು ಹಾಕ್ತಾರೆ, ಕೆಲವರು ಐನೂರು. ಪ್ರಿಂಟು, ರೀಪರ್ ಪಟ್ಟಿ, ಹಾರ, ಕೇಕು, ಡಿಜೆ ಎಲ್ಲ ಸೇರಿ ಐದಾರು ಸಾವಿರಕ್ಕೆ ಬಂದು ನಿಲ್ಲುತ್ತೆ. ಕೂಲಿ ಲೆಕ್ಕದಲ್ಲಿ ಇದು ಸಣ್ಣ ದುಡ್ಡಲ್ಲ. "ನಿಮ್ಮ ಹೀರೋನ ಎಷ್ಟು ಸಲ ನೋಡಿದೀರಪ್ಪಾ?" ಅಂದೆ. ಒಬ್ಬ ಹೇಳಿದ, "ಎರಡು ಸಲ ಸರ್. ಒಂದ್ಸಲ ಸ್ಟೇಜ್ ಮೇಲೆ. ಒಂದ್ಸಲ ಕಾರಲ್ಲಿ, ಗ್ಲಾಸ್ ಏರ್ಸಿದ್ರು." ಉಳಿದವರು ನೋಡೇ ಇಲ್ಲ. "ಮತ್ತೆ ಇಷ್ಟೆಲ್ಲ ಯಾಕೆ?" ಅಂದಾಗ ಆ ಜೆಸಿಬಿ ಹುಡುಗ ಫ್ಲೆಕ್ಸ್ ಕಡೆ ಕೈ ತೋರಿಸಿದ. ಹೀರೋ ಕಡೆಗಲ್ಲ, ಕೆಳಗೆ ಎಡಗಡೆಯಿಂದ ಮೂರನೇ ಫೋಟೋ ಕಡೆಗೆ. "ನಾನೇ ಸರ್ ಅದು. ನಮ್ಮವ್ವ ಬಸ್ಸಿಳಿದಾಗೆಲ್ಲ ನೋಡ್ತಾಳೆ."

ನಾವು ಸ್ಟುಡಿಯೋದಲ್ಲಿ ಕೂತು "ಅಂಧಾಭಿಮಾನ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತೀವಿ. ಅಲ್ಲರೀ, ಇವನ ಹೆಸರು ಇನ್ನೆಲ್ಲಿ ಬರುತ್ತೆ? ಪಂಚಾಯಿತಿ ಫಲಕದಲ್ಲಿ ಬರಲ್ಲ, ದೇವಸ್ಥಾನದ ದಾನಿಗಳ ಕಲ್ಲಿನಲ್ಲಿ ಬರಲ್ಲ, ಎಸ್ಸೆಸ್ಸೆಲ್ಸಿ ರ‍್ಯಾಂಕಿನವರ ಪಟ್ಟಿಯಲ್ಲಂತೂ ಬರಲ್ಲ. ಊರಲ್ಲಿ ಇವನ ಮುಖ ಎಲ್ಲರಿಗೂ ಕಾಣೋ ಒಂದೇ ಜಾಗ ಆ ಫ್ಲೆಕ್ಸು. ಹೀರೋ ಇಲ್ಲಿ ನೆಪ ಅಂತ ನಾನು ಹೇಳಲ್ಲ, ಅಭಿಮಾನ ನಿಜವೇ. ಆದರೆ ಅರ್ಧ ಅಭಿಮಾನ ಮೇಲಿನ ಫೋಟೋಗೆ, ಇನ್ನರ್ಧ ಪಕ್ಕದ ಫೋಟೋಗಳಿಗೆ. ಒಟ್ಟಿಗೆ ದುಡ್ಡು ಹಾಕೋರು, ಒಟ್ಟಿಗೆ ಕಂಬ ಹತ್ತೋರು, ಆಸ್ಪತ್ರೆಗೆ ಸೇರಿದರೆ ರಕ್ತ ಕೊಡೋಕೆ ಬರೋರು, ಅವರೇ.

ಈಗ ಆ ಕಂಬದ ವಿಷಯಕ್ಕೆ ಬರ್ತೀನಿ.

2024ರ ಜನವರಿ 8. ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲೂಕಿನ ಸೂರಣಗಿ. ಯಶ್ ಹುಟ್ಟುಹಬ್ಬ ಅಂತ ಮಧ್ಯರಾತ್ರಿ ಕಟೌಟ್ ನಿಲ್ಲಿಸೋಕೆ ಹೋದ ಮೂವರು ಹುಡುಗರು ಕರೆಂಟ್ ಹೊಡೆದು ಸತ್ತರು. ಇನ್ನೂ ಮೂವರಿಗೆ ಗಾಯ. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಸುದ್ದಿ ಕೇಳಿ ಯಶ್ ಅದೇ ದಿನ ಅಲ್ಲಿಗೆ ಬಂದರು, ಮೂರೂ ಮನೆಗೆ ಹೋದರು, ಕಟೌಟ್ ಕಟ್ಟಬೇಡಿ, ಈ ರೀತಿ ಅಭಿಮಾನ ತೋರಿಸಬೇಡಿ ಅಂತ ಬೇಡಿಕೊಂಡರು. ಅವತ್ತು ಗದಗದಲ್ಲಿ ಅವರ ಕಾರಿನ ಹಿಂದೆ ಬೈಕಿನಲ್ಲಿ ಹೋಗ್ತಿದ್ದ ಇನ್ನೊಬ್ಬ ಹುಡುಗ ಅಪಘಾತಕ್ಕೆ ಸಿಕ್ಕಿ ಪ್ರಾಣ ಬಿಟ್ಟ. ಸಮಾಧಾನ ಹೇಳೋಕೆ ಬಂದವರನ್ನ ನೋಡೋಕೆ ಹೋಗಿ ನಾಲ್ಕನೇ ಸಾವು.

ಎಂಜಿನಿಯರಿಂಗ್ ಓದಿ ಮೈಕ್ ಹಿಡಿದವನು ನಾನು. ಓದಿದ್ದು ಎಲ್ಲಾ ನೆನಪಿಲ್ಲ, ಇಷ್ಟು ನೆನಪಿದೆ. ಊರೊಳಗೆ ಹಾದು ಹೋಗೋ ಮೇಲಿನ ಲೈನು ಸಾಮಾನ್ಯವಾಗಿ 11 ಸಾವಿರ ವೋಲ್ಟ್. ಮನೆಗೆ ಬರೋದು 230. ಆ ಲೈನಿನ ತಂತಿಗೆ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರಲ್ಲ, ಬರಿಯ ಲೋಹ. ಕಟೌಟಿನ ಫ್ರೇಮು ಕಬ್ಬಿಣ. ನೆಲದಲ್ಲಿ ಮಲಗಿಸಿ ಕಟ್ಟುವಾಗ ಏನೂ ಅಪಾಯ ಕಾಣಲ್ಲ. ಎತ್ತಿ ನಿಲ್ಲಿಸುವ ಹೊತ್ತಿಗೆ ಅದರ ತುದಿ ಓಲಾಡುತ್ತೆ. ಕೆಳಗೆ ಎಲ್ಲರೂ ಅದನ್ನೇ ಗಟ್ಟಿಯಾಗಿ ಹಿಡಿದಿರ್ತಾರೆ, ಬೀಳದಿರಲಿ ಅಂತ. ಕಾಲು ಬರಿಗಾಲು, ನೆಲ ರಾತ್ರಿಯ ಇಬ್ಬನಿಗೆ ಹಸಿ. ತುದಿ ತಂತಿಗೆ ತಾಗಿದರೆ ಕರೆಂಟ್ ಭೂಮಿಗೆ ಇಳಿಯೋದು ಆ ಕೈಗಳ ಮೂಲಕ. ಹಿಡಿದವನಿಗೆ ಬಿಡೋಕೂ ಆಗಲ್ಲ, ಸ್ನಾಯು ಬಿಗಿದುಕೊಂಡುಬಿಡುತ್ತೆ. ಅದಕ್ಕೇ ಇಂಥ ಕಡೆ ಒಬ್ಬ ಸಾಯೋದು ಕಡಿಮೆ, ಎರಡು ಮೂರು ಜನ ಒಟ್ಟಿಗೆ ಹೋಗ್ತಾರೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ಪ್ಲಾಸ್ಟಿಕ್ ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರ ಮಾರ್ಚಿನಲ್ಲೇ ನಿಷೇಧ ಆಗಿದೆ. ಆದೇಶ ಇದೆ, ಫ್ಲೆಕ್ಸೂ ಇದೆ. ನಿಷೇಧ ಮಾಡಿದವರ ಹುಟ್ಟುಹಬ್ಬಕ್ಕೂ ಫ್ಲೆಕ್ಸ್ ಬೀಳುತ್ತೆ. ಅದರ ಬಗ್ಗೆ ಇನ್ನೊಂದು ದಿನ ಮಾತಾಡೋಣ.

ಅಭಿಮಾನದ ಹುಚ್ಚು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಜಪಾನ್ ಕಡೆ ಒಂದು ಸುತ್ತು ಹೋಗಿ ಬರೋಣ. ಬುಲೆಟ್ ಟ್ರೈನು, ಶಿಸ್ತು, ಸ್ವಚ್ಛತೆ ಅಂತ ನಾವು ದಿನಾ ಹೊಗಳೋ ದೇಶ. ಅಲ್ಲಿ "ಐಡಲ್" ಅಂದರೆ ಹಾಡಿ ಕುಣಿಯೋ ಹದಿಹರೆಯದ ತಾರೆಯರು. 2005ರಲ್ಲಿ ಟೋಕಿಯೋದ ಅಕಿಹಬರಾದಲ್ಲಿ ಎಕೆಬಿ48 ಅನ್ನೋ ಹುಡುಗಿಯರ ತಂಡ ಶುರುವಾಯ್ತು. ಕಟ್ಟಿದವರು ಯಾಸುಶಿ ಅಕಿಮೊಟೊ. ಅವರ ಉಪಾಯ ಇಷ್ಟೇ, ತಾರೆ ದೂರದಲ್ಲಿರಬಾರದು, ದಿನಾ ಹೋಗಿ ನೋಡೋ ಹಾಗಿರಬೇಕು. ಸೀಡಿ ಕೊಂಡರೆ ಒಳಗೊಂದು ಚೀಟಿ. ಆ ಚೀಟಿ ತೋರಿಸಿದರೆ ನೆಚ್ಚಿನ ಹುಡುಗಿಯ ಕೈ ಕುಲುಕಬಹುದಿತ್ತು, ಕೆಲವೇ ಸೆಕೆಂಡು. ಪಕ್ಕದಲ್ಲೇ ಒಬ್ಬ ನಿಂತಿರ್ತಿದ್ದ, ಸಮಯ ಆಯ್ತು ಅಂತ ಭುಜ ಹಿಡಿದು ಸರಿಸೋಕೆ. ಇನ್ನೊಂದು ಸೆಕೆಂಡು ಬೇಕಾ, ಇನ್ನೊಂದು ಸೀಡಿ. 2009ರಿಂದ 2018ರವರೆಗೆ ಅವರಲ್ಲಿ ಚುನಾವಣೆಯೂ ನಡೀತಿತ್ತು. ಮುಂದಿನ ಹಾಡಿನಲ್ಲಿ ಯಾರು ಮುಂದೆ ನಿಲ್ಲಬೇಕು ಅಂತ ಅಭಿಮಾನಿಗಳ ಮತದಾನ. ಮತಪತ್ರ ಎಲ್ಲಿ? ಅದೂ ಸೀಡಿ ಒಳಗೆ. ಒಬ್ಬನಿಗೆ ಒಂದೇ ಮತ ಅನ್ನೋ ನಿಯಮ ಇರಲಿಲ್ಲ. ನೂರಾರು ಸೀಡಿ ಕೊಂಡವರಿದ್ದಾರೆ. ಒಂದೇ ಹಾಡು, ನೂರಾರು ಸೀಡಿ! 2017ರಲ್ಲಿ ಫುಕುಒಕಾ ಕಡೆ ಗುಡ್ಡದಲ್ಲಿ 585 ಸೀಡಿ ಬಿಸಾಡಿದ್ದು ಸಿಕ್ಕಿ, ಎಸೆದವನ ಮೇಲೆ ಕಸದ ಕಾನೂನಿನಲ್ಲಿ ಕೇಸಾಯ್ತು.

ನಗು ಬರುತ್ತೆ. ಮುಂದಿನದು ಕೇಳಿ. ಇಷ್ಟು ಕೊಟ್ಟವನು ತಾನೇ ಯಜಮಾನ ಅಂದುಕೊಳ್ತಾನೆ. 2013ರ ಜನವರಿ ಕೊನೆಗೆ ಆ ತಂಡದ ಮಿನಾಮಿ ಮಿನೆಗಿಶಿ ಒಬ್ಬ ಹುಡುಗನ ಮನೆಯಲ್ಲಿ ರಾತ್ರಿ ಇದ್ದಳು ಅಂತ ಪತ್ರಿಕೆಯಲ್ಲಿ ಬಂತು. ಆಕೆಗೆ ಆಗ 20 ವರ್ಷ. ತಲೆ ಬೋಳಿಸಿಕೊಂಡು ಕ್ಯಾಮೆರಾ ಮುಂದೆ ಅಳುತ್ತಾ ಅಭಿಮಾನಿಗಳ ಕ್ಷಮೆ ಕೇಳಿದಳು. ಮರುವರ್ಷ, 2014ರ ಮೇನಲ್ಲಿ, ಕೈ ಕುಲುಕೋ ಸಾಲಿನಲ್ಲೇ ಒಬ್ಬ ಗರಗಸ ತಂದು ಇಬ್ಬರು ಹುಡುಗಿಯರಿಗೆ, ಒಬ್ಬ ಸಿಬ್ಬಂದಿಗೆ ಕೊಯ್ದ. ಇನ್ನೂ ಹಿಂದಕ್ಕೆ, 1986ರಲ್ಲಿ ಯುಕಿಕೊ ಒಕಾಡಾ ಅನ್ನೋ 18 ವರ್ಷದ ಗಾಯಕಿ ಜೀವ ತೆಗೆದುಕೊಂಡಾಗ, ಆಕೆಯ ಹಿಂದೆ ಎಷ್ಟೋ ಎಳೆಯರು ಅದೇ ದಾರಿ ಹಿಡಿದರು. ಮರುವರ್ಷ ನಮ್ಮ ಪಕ್ಕದ ತಮಿಳುನಾಡಿನಲ್ಲಿ ಎಂಜಿಆರ್ ತೀರಿಕೊಂಡಾಗ ಆಗಿದ್ದೂ ಅದೇ.

ಹಾಗಾದರೆ ಅವರಿಗೂ ನಮಗೂ ವ್ಯತ್ಯಾಸ ಏನು? ನನಗೆ ಕಂಡದ್ದು ರಸೀದಿ. ಜಪಾನಿನ ಹುಡುಗ ತನ್ನ ಅಭಿಮಾನಕ್ಕೆ ಬಿಲ್ ತೋರಿಸಬಲ್ಲ. ಇಷ್ಟು ಸೀಡಿ, ಇಷ್ಟು ಯೆನ್. ದುಡ್ಡು ತಗೊಂಡ ಕಂಪನಿಗೆ ಒಂದು ವಿಳಾಸ ಇದೆ. ಏನಾದರೂ ಎಡವಟ್ಟಾದರೆ ಅದು ಪತ್ರಿಕಾಗೋಷ್ಠಿ ಮಾಡಿ ತಲೆ ಬಗ್ಗಿಸಬೇಕು, ಬ್ಯಾಗ್ ತಪಾಸಣೆ ಹಾಕಬೇಕು. 2023ರಲ್ಲಿ ಅಲ್ಲಿನ ಅತಿ ದೊಡ್ಡ ತಾರಾ ಸಂಸ್ಥೆ, ಜಾನಿಸ್, ತನ್ನ ಸ್ಥಾಪಕ ದಶಕಗಳ ಕಾಲ ಬಾಲಕರ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯ ಒಪ್ಪಿಕೊಂಡು ಹೆಸರನ್ನೇ ಬದಲಾಯಿಸಬೇಕಾಯ್ತು. ಅದು ಆಗೋಕೂ ಬಹಳ ತಡ ಆಯ್ತು, ನಿಜ. ಆದರೆ ಕೇಳೋಕೆ ಒಂದು ಬಾಗಿಲಾದರೂ ಇತ್ತು. ನಮ್ಮ ನ್ಯಾಮತಿ ಹುಡುಗ ಕೊಟ್ಟ ಮುನ್ನೂರಕ್ಕೆ ರಸೀದಿ ಇಲ್ಲ. ಅವನು ಸೇರಿರೋ ಸಂಘಕ್ಕೆ ಬಾಗಿಲಿಲ್ಲ. ಒಂದು ವಾಟ್ಸಾಪ್ ಗ್ರೂಪು, ಒಂದು ಇನ್‌ಸ್ಟಾಗ್ರಾಂ ಪೇಜು, ಅದಕ್ಕೊಬ್ಬ ಅಡ್ಮಿನ್.

ಒಂದು ಕಾದಂಬರಿ ಬಗ್ಗೆ ಹೇಳಲೇಬೇಕು. ರಿನ್ ಉಸಾಮಿ ಅಂತ ಜಪಾನಿನ ಲೇಖಕಿ. 21ನೇ ವಯಸ್ಸಿಗೆ ಬರೆದ 'ಓಶಿ, ಮೋಯು' ಅನ್ನೋ ಸಣ್ಣ ಪುಸ್ತಕಕ್ಕೆ 2021ರ ಜನವರಿಯಲ್ಲಿ ಅಲ್ಲಿನ ದೊಡ್ಡ ಸಾಹಿತ್ಯ ಪ್ರಶಸ್ತಿ ಅಕುತಾಗವಾ ಬಂತು. ಓಶಿ ಅಂದರೆ ನಾನು ಬೆನ್ನಿಗೆ ನಿಂತು ಮುಂದಕ್ಕೆ ತಳ್ಳೋ ತಾರೆ. ನಮ್ಮ ಹುಡುಗರ ಬಾಯಲ್ಲಿ "ಬಾಸ್" ಇದ್ದ ಹಾಗೆ. ಕಥೆಯ ಹುಡುಗಿ ಹೈಸ್ಕೂಲು. ಓದು ಹತ್ತಲ್ಲ, ಮನೆಯಲ್ಲಿ ಹೊಂದಿಕೆಯಿಲ್ಲ. ಅವಳಿಗೆ ಇರೋದು ಒಬ್ಬ ಗಾಯಕ. ಅವನು ಒಬ್ಬ ಅಭಿಮಾನಿಗೆ ಹೊಡೆದ ಅಂತ ಸುದ್ದಿಯಾಗುತ್ತೆ. ಊರೆಲ್ಲ ಅವನ ಮೇಲೆ ಬೀಳುತ್ತೆ. ಹುಡುಗಿ ಬಿಡ್ತಾಳಾ? ಇನ್ನೂ ಜೋರಾಗಿ ಹಿಡ್ಕೊಳ್ತಾಳೆ. ಅವನನ್ನು ಬಿಟ್ಟರೆ ತನ್ನ ಬೆನ್ನೆಲುಬನ್ನೇ ಬಿಟ್ಟ ಹಾಗೆ ಅವಳಿಗೆ.

ಇದನ್ನ ಓದುವಾಗ ನನ್ನ ತಲೆಯಲ್ಲಿ ಓಡ್ತಿದ್ದದ್ದು ಟೋಕಿಯೋ ಅಲ್ಲ, 6106 ಅನ್ನೋ ನಂಬರು.

2024ರ ಜೂನ್. ಚಿತ್ರದುರ್ಗದ ಒಬ್ಬ 33 ವರ್ಷದ ಮನುಷ್ಯನನ್ನ ಬೆಂಗಳೂರಿಗೆ ಕರೆತಂದು ಹೊಡೆದು ಕೊಂದರು, ಶವ ರಾಜಕಾಲುವೆ ಹತ್ತಿರ ಸಿಕ್ಕಿತು. ಜೂನ್ 11ರಂದು ನಟ ದರ್ಶನ್ ಬಂಧನ ಆಯ್ತು. ಸೆಪ್ಟೆಂಬರಿನಲ್ಲಿ ಪೊಲೀಸರು 17 ಜನರ ಮೇಲೆ 3,991 ಪುಟದ ಆರೋಪಪಟ್ಟಿ ಹಾಕಿದರು. ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನ 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಯಾರು ತಪ್ಪಿತಸ್ಥರು ಅನ್ನೋದನ್ನ ನ್ಯಾಯಾಲಯ ಹೇಳಬೇಕು, ನಾನಲ್ಲ. ನಾನು ಹೇಳೋದು ಚಿತ್ರದುರ್ಗದ ಮಾತು. ಜಗಳೂರಿನವರಿಗೆ ಅದು ಹಳೇ ಜಿಲ್ಲೆ, ಇವತ್ತಿಗೂ ಸಂಬಂಧ, ಸಂತೆ ಎಲ್ಲ ಆ ಕಡೆ ಇದೆ. ಸತ್ತವನು ನಟನ ಗೆಳತಿಗೆ ಕೆಟ್ಟ ಮೆಸೇಜ್ ಕಳಿಸಿದ್ದ ಅನ್ನೋದು ಪೊಲೀಸರು ಹೇಳೋ ಕಾರಣ. ಅವನೂ ಅದೇ ನಟನ ಅಭಿಮಾನಿ ಅಂತ ಹೇಳಲಾಯ್ತು. ಅವನನ್ನ ಕರೆದೊಯ್ದವರು ಅಂತ ಆರೋಪ ಹೊತ್ತವರಲ್ಲಿ ಅಭಿಮಾನಿ ಸಂಘದವರಿದ್ದಾರೆ. ಅಂದರೆ ಒಂದೇ ಫ್ಲೆಕ್ಸಿನ ಕೆಳಗೆ ಫೋಟೋ ಹಾಕಿಸಿಕೊಳ್ಳಬಹುದಾಗಿದ್ದವರು ಎರಡೂ ಕಡೆ. ಸತ್ತವನ ಹೆಂಡತಿ ಆಗ ಗರ್ಭಿಣಿ. ಬಂಧಿತರಲ್ಲಿ ಒಬ್ಬ ಹುಡುಗನ ತಂದೆ, ಮಗ ಸಿಕ್ಕಿಬಿದ್ದ ಸುದ್ದಿಯ ಬೆನ್ನಲ್ಲೇ ತೀರಿಕೊಂಡರು. ಆ ಎರಡು ಮನೆಗಳ ಬಾಗಿಲು ಬಡಿದು ಸಾಂತ್ವನ ಹೇಳೋಕೆ ಎಷ್ಟು ಅಭಿಮಾನಿ ಬಳಗಗಳು ಹೋದವು ಕೇಳಿ ನೋಡಿ.

ಅದೇ ಹೊತ್ತಿನಲ್ಲಿ ಬೇರೆಡೆ ಏನಾಯ್ತು? ಜೈಲಿನಲ್ಲಿ ದರ್ಶನ್‌ಗೆ ಕೊಟ್ಟ ವಿಚಾರಣಾಧೀನ ಕೈದಿ ನಂಬರು 6106. ಅದು ಬೈಕಿನ ಮೇಲೆ ಬಂತು, ಆಟೋ ಮೇಲೆ ಬಂತು, ಕೈ ಮೇಲೆ ಹಚ್ಚೆಯಾಗಿ ಬಂತು. ಒಂದು ಹಸುಗೂಸಿಗೆ ಕೈದಿ ಬಟ್ಟೆ ಹಾಕಿ, ಆ ನಂಬರು ಬರೆದು, ಫೋಟೋ ತೆಗೆಸಿದರು. ಇದನ್ನ ನೋಡಿ ನಾವು ಬೈದೆವು. ಬೈಯೋದು ಸುಲಭ. ಆದರೆ ಉಸಾಮಿಯ ಪುಸ್ತಕದ ಹುಡುಗಿಯನ್ನ ನೆನಪು ಮಾಡಿಕೊಳ್ಳಿ. ಐದು ವರ್ಷ ಯಾರ ಹೆಸರಲ್ಲಿ ದುಡ್ಡು ಹಾಕಿದ್ದಾನೋ, ಯಾರಿಗಾಗಿ ಪಕ್ಕದ ಬೀದಿಯವರ ಜೊತೆ ಜಗಳ ಮಾಡಿದ್ದಾನೋ, ಅವರನ್ನ ಒಂದು ದಿನದಲ್ಲಿ ಬಿಟ್ಟುಬಿಡು ಅಂದರೆ ಅವನು ಬಿಡಬೇಕಾದದ್ದು ಬರೀ ಒಬ್ಬ ನಟನನ್ನಲ್ಲ. ಗೆಳೆಯರನ್ನ ಬಿಡಬೇಕು, ತನ್ನ ಫೋಟೋ ಇರೋ ಆ ಜಾಗ ಬಿಡಬೇಕು. ಅದಕ್ಕೇ ಬಿಗಿಯಾಗಿ ಹಿಡ್ಕೊಳ್ತಾನೆ. ಹಿಡಿದುಕೊಂಡದ್ದು ತಪ್ಪಲ್ಲ ಅಂತ ನಾನು ಹೇಳ್ತಿಲ್ಲ. 2025ರ ಜುಲೈನಲ್ಲಿ ನಟಿ ರಮ್ಯಾ ಆ ಸತ್ತವನ ಮನೆಯವರಿಗೆ ನ್ಯಾಯ ಸಿಗಲಿ ಅಂದದ್ದಕ್ಕೆ ಬಂದ ಮೆಸೇಜುಗಳಿವೆಯಲ್ಲ, ಅವನ್ನ ಟಿವಿಯಲ್ಲಿ ಓದೋಕೂ ಆಗಲ್ಲ. ಅವರು 43 ಖಾತೆಗಳ ಮೇಲೆ ದೂರು ಕೊಟ್ಟರು, ಪೊಲೀಸರು ಹಲವರನ್ನ ಹಿಡಿದರು. ಕೆಟ್ಟ ಮೆಸೇಜ್ ಕಳಿಸಿದ ಅನ್ನೋ ಕಾರಣಕ್ಕೆ ಒಬ್ಬನ ಪ್ರಾಣ ಹೋದದ್ದನ್ನ ಸಮರ್ಥಿಸಿದವರು, ಇನ್ನೊಬ್ಬ ಹೆಣ್ಣುಮಗಳಿಗೆ ಅದೇ ಕೆಟ್ಟ ಮೆಸೇಜ್ ಕಳಿಸಿದರು. ಹೀಗೆ ಕಳಿಸೋ ಮುಂಚೆ ಗ್ರೂಪಿನಲ್ಲಿ "ಬೇಡ ಕಣೋ" ಅನ್ನೋ ಒಬ್ಬ ಹಿರಿಯ ಇರಲಿಲ್ಲ.

ಹಿಂದೆ ಇದ್ದರಾ? ಸ್ವಲ್ಪ ಮಟ್ಟಿಗೆ ಇದ್ದರು. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನ ದೇವರುಗಳು ಅಂದರು. ಆ ದೇವರುಗಳ ಸಂಘಕ್ಕೆ ಅಧ್ಯಕ್ಷರಿದ್ದರು, ಸಾ.ರಾ. ಗೋವಿಂದು ಅಂದರೆ ನಾಡಿಗೇ ಗೊತ್ತು. ಎಂಬತ್ತರ ದಶಕದ ಗೋಕಾಕ್ ಚಳವಳಿಗೆ ಅಣ್ಣಾವ್ರು ಇಳಿದಾಗ ಊರೂರಿನ ಅಭಿಮಾನಿಗಳೂ ಭಾಷೆಯ ಕೆಲಸಕ್ಕೆ ಇಳಿದರು. ಹಾಗಂತ ಆ ಕಾಲವೇ ಬಂಗಾರ ಅನ್ನೋದು ಬೇಡ. 2000ದಲ್ಲಿ ವೀರಪ್ಪನ್ ಅಪಹರಿಸಿದ 108 ದಿನ ರಾಜ್ಯ ಉಸಿರು ಬಿಗಿ ಹಿಡಿದಿತ್ತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ಗಲಭೆಯಾಗಿ ಒಬ್ಬ ಪೊಲೀಸ್ ಪೇದೆಯೂ ಸೇರಿ ಎಂಟು ಜೀವ ಹೋಯ್ತು. ಜೀವನವಿಡೀ ಸಜ್ಜನಿಕೆ ಹೇಳಿದವರ ಅಂತ್ಯಯಾತ್ರೆ ಅದು. ಸಂಘ ಇದ್ದ ಮಾತ್ರಕ್ಕೆ ಎಲ್ಲ ಸರಿ ಇರುತ್ತೆ ಅಂತಲ್ಲ. ಆದರೆ ಮರುದಿನ ಕರೆದು ಕೇಳೋಕೆ ಒಬ್ಬರು ಇರ್ತಾರೆ.

2021ರ ಅಕ್ಟೋಬರ್ 29 ಯಾರೂ ಮರೆತಿಲ್ಲ. ಪುನೀತ್‌ಗೆ 46 ವರ್ಷ. ಆ ನಾಲ್ಕು ತಾಲೂಕಿನಲ್ಲಿ ಇವತ್ತಿಗೂ ಅಪ್ಪು ಫೋಟೋ ಇಲ್ಲದ ಹೋಟೆಲ್ ಹುಡುಕಬೇಕು. ಚನ್ನಗಿರಿ ಕಡೆ ಅಡಿಕೆ ಸುಲಿಯೋ ಚಪ್ಪರದಲ್ಲೂ ನೋಡಿದೆ, ದೇವರ ಫೋಟೋ ಸಾಲಿನಲ್ಲೇ. ಅಪ್ಪು ಹೋದ ಆ ದಿನಗಳಲ್ಲಿ ಎರಡು ಸುದ್ದಿ ಒಟ್ಟೊಟ್ಟಿಗೆ ಬರ್ತಿದ್ದವು. ಒಂದು, ಎದೆಯೊಡೆದು ಸತ್ತ, ಜೀವ ತೆಗೆದುಕೊಂಡ ಅಭಿಮಾನಿಗಳದ್ದು. ತಮ್ಮ ದುಃಖದಲ್ಲೇ ಮುಳುಗಿದ್ದ ಆ ಕುಟುಂಬ, ದಯವಿಟ್ಟು ಹೀಗೆ ಮಾಡಬೇಡಿ ಅಂತ ಕೈ ಮುಗಿದು ಕೇಳಬೇಕಾಯ್ತು. ಇನ್ನೊಂದು, ಕಣ್ಣಿನದ್ದು. ಅಪ್ಪನ ಹಾಗೆ, ಅಮ್ಮನ ಹಾಗೆ ಅಪ್ಪು ಕಣ್ಣೂ ದಾನವಾಯ್ತು. ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನ ಪದರ ಬಿಡಿಸಿ, ಎರಡು ಕಣ್ಣಿಂದ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟರು. ಅದಾದ ಮೇಲೆ ರಾಜ್ಯದಲ್ಲಿ ಕಣ್ಣು ದಾನಕ್ಕೆ ಹೆಸರು ಬರೆಸೋರ ಸಾಲು ಉದ್ದ ಆಯ್ತು. ಅದೇ ಹುಡುಗರು, ಅದೇ ಅಭಿಮಾನ. ಕಟೌಟ್ ಹತ್ತು ಅಂದರೆ ಹತ್ತುತ್ತೆ, ಕಣ್ಣು ಕೊಡು ಅಂದರೆ ಕೊಡುತ್ತೆ. ಮೇಲಿನ ಫೋಟೋದಿಂದ ಏನು ಮಾತು ಬರುತ್ತೋ ಅದು. (ಇದನ್ನ ನೋಡ್ತಿರೋರಲ್ಲಿ ಯಾರಿಗಾದರೂ ಬದುಕು ಸಾಕು ಅನ್ನಿಸ್ತಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.)

ಅದಕ್ಕೇ ಈಗ ನಟರಿಗೆ ನನ್ನದೊಂದು ನೇರ ಮಾತು. ನೀವು ಅಭಿಮಾನಿಗಳನ್ನ ಏನೇನೋ ಕರೆದಿದ್ದೀರಿ. ದೇವರು ಅಂದಿದ್ದೀರಿ, ಅನ್ನದಾತರು ಅಂದಿದ್ದೀರಿ. ದರ್ಶನ್ "ನನ್ನ ಸೆಲೆಬ್ರಿಟೀಸ್" ಅಂತ ಎದೆ ಮೇಲೆ ಹಚ್ಚೆಯನ್ನೇ ಹಾಕಿಸಿಕೊಂಡರು. ಒಳ್ಳೇದು. ಆ ದೇವರುಗಳ ಪಟ್ಟಿ ನಿಮ್ಮ ಹತ್ತಿರ ಇದೆಯಾ? ಜಗಳೂರಿನಲ್ಲಿ ನಿಮ್ಮ ಹೆಸರಿನ ಬಳಗ ನಡೆಸೋನು ಯಾರು, ಅವನ ವಯಸ್ಸೆಷ್ಟು, ಅವನು ದುಡ್ಡು ಎಲ್ಲಿಂದ ತರ್ತಾನೆ ಗೊತ್ತಾ? ಮೊದಲ ದಿನದ ಕಲೆಕ್ಷನ್ ಕೋಟಿಗಳಲ್ಲಿ ಹೇಳುವಾಗ ಅವರು ನಮ್ಮವರು. ಕಂಬದ ಮೇಲೆ ಸತ್ತಾಗ, ಠಾಣೆ ಮೆಟ್ಟಿಲೇರಿದಾಗ "ನಮಗೂ ಅವರಿಗೂ ಸಂಬಂಧ ಇಲ್ಲ" ಅಂತ ಒಂದು ಪೋಸ್ಟು. ಸೂರಣಗಿಗೆ ಯಶ್ ಹೋದರು, ಅದಕ್ಕೆ ಮೆಚ್ಚುಗೆ ಇದೆ. ಆದರೆ ಸತ್ತ ಮೇಲೆ ಹೋಗೋದಕ್ಕಿಂತ ಹುಟ್ಟುಹಬ್ಬಕ್ಕೆ ಹದಿನೈದು ದಿನ ಮುಂಚೆ ಒಂದು ನಿಮಿಷದ ವಿಡಿಯೋ ಎಲ್ಲ ನಟರೂ ಹಾಕಬಹುದಲ್ಲ? ನನ್ನ ಹೆಸರಲ್ಲಿ ಫ್ಲೆಕ್ಸ್ ಕಟ್ಟೋರು ನನ್ನ ಅಭಿಮಾನಿಗಳಲ್ಲ ಅಂತ, ಇಷ್ಟೇ ಮಾತು. ಹುಡುಗರು ನನ್ನ ಮಾತು ಕೇಳಲ್ಲ, ಎಸ್ಪಿ ಮಾತೂ ಕೇಳಲ್ಲ. ನಿಮ್ಮ ಮಾತು ಕೇಳ್ತಾರೆ. ಹಾಗೇ ಬಳಗ ಅಂತ ಹೆಸರಿಟ್ಟವರು ಸಂಘ ನೋಂದಣಿ ಮಾಡಿಸಲಿ, ಅಧ್ಯಕ್ಷ ಯಾರು, ಖಜಾಂಚಿ ಯಾರು, ಹೆಸರು ಬರಲಿ. ಹಾಲಿನ ಸೊಸೈಟಿಗೆ ಇರೋ ಲೆಕ್ಕಪತ್ರ ಅಭಿಮಾನಿ ಸಂಘಕ್ಕೆ ಯಾಕೆ ಬೇಡ?

ಊರಿನ ಹಿರಿಯರಿಗೂ ಒಂದು ಮಾತಿದೆ. ಜಗಳೂರು ಕಡೆ ಮೆಕ್ಕೆಜೋಳದ ಕಣದಲ್ಲಿ ಒಬ್ಬ ಅಮ್ಮ ಸಿಕ್ಕಿದ್ರು. ಮೋಡ ಕಟ್ಟಿತ್ತು, ರಾಶಿಗೆ ಹಳೇ ಫ್ಲೆಕ್ಸ್ ಹೊದಿಸ್ತಿದ್ದರು. ಹೀರೋ ಮುಖ ಅಂಗಾತ, ಅದರ ಮೇಲೆ ನಾಲ್ಕು ಕಲ್ಲು. "ಇದು ನನ್ ಮಗ ತಂದಿದ್ದು ಕಣಪ್ಪಾ, ಮಳಿಗೆ ಬಾಳ ಚೆನ್ನಾಗಿ ತಡೀತೈತೆ" ಅಂದ್ರು. ಮಗ ಎಲ್ಲಿ ಅಂದೆ. ಬೆಂಗಳೂರಲ್ಲಿ ಡೆಲಿವರಿ ಕೆಲಸ. ಅವನ ಫೋಟೋ ಇದೆಯಾ ಅಂದಾಗ ಫ್ಲೆಕ್ಸಿನ ಅಂಚು ಎತ್ತಿ ತೋರಿಸಿದ್ರು, ಮುಖ ಅರ್ಧ ಮಾಸಿಹೋಗಿತ್ತು. ಅವನು ಇನ್ನೂ ಹೊಸದಾಗಿ ಒಂದು ಫೋಟೋ ತೆಗೆಸಿ ಮನೆಗೆ ಕಳಿಸಿಲ್ಲವಂತೆ. ಇಂಥ ಹುಡುಗರಿಗೆ ಊರಲ್ಲಿ ಒಂದು ಕಬಡ್ಡಿ ಅಂಕಣ, ಒಂದು ಗ್ರಂಥಾಲಯದ ಕಮಿಟಿ, ಜಾತ್ರೆಯಲ್ಲಿ ಒಂದು ಜವಾಬ್ದಾರಿ ಕೊಟ್ಟು ಅವರ ಹೆಸರು ಗೋಡೆ ಮೇಲೆ ಬರೆಸಿ ನೋಡಿ. ಎಲ್ಲರೂ ಬದಲಾಗ್ತಾರೆ ಅನ್ನಲ್ಲ. ಒಂದಿಬ್ಬರು ಬಂದರೂ ಬಂದ ಹಾಗೇ.

ಮುಂದಿನ ಹುಟ್ಟುಹಬ್ಬಕ್ಕೆ ಹೇಗಿದ್ದರೂ ಕಟ್ಟೇ ಕಟ್ತೀರಿ, ಅದು ನನಗೂ ಗೊತ್ತು. ಹಾಗಾದರೆ ಇಷ್ಟು ಮಾಡಿ. ರಾತ್ರಿ ಕಟ್ಟಬೇಡಿ. ಎತ್ತೋ ಮುಂಚೆ ತಲೆ ಎತ್ತಿ ತಂತಿ ಎಲ್ಲಿದೆ ನೋಡಿ. ಫ್ರೇಮು ಉದ್ದ ಎಷ್ಟಿದೆಯೋ ಅದರ ಎರಡರಷ್ಟು ದೂರ ಲೈನಿಂದ ಬಿಡಿ. ಒದ್ದೆ ಬಿದಿರಿನಲ್ಲೂ ಕರೆಂಟ್ ಹರಿಯುತ್ತೆ, ಬರೀ ಕಬ್ಬಿಣ ಅಲ್ಲ. ಯಾರಾದರೂ ಸಿಕ್ಕಿಕೊಂಡರೆ ಕೈ ಹಿಡಿದು ಎಳೆಯೋಕೆ ಹೋಗಬೇಡಿ, ನೀವೂ ಹೋಗ್ತೀರಿ. 11 ಸಾವಿರದ ಲೈನಾದರೆ ಕೋಲಿನಿಂದ ತಳ್ಳೋಕೂ ಹೋಗಬೇಡಿ. ದೂರ ನಿಂತು ಮೊದಲು ಲೈನ್ ಆಫ್ ಮಾಡಿಸಿ. ನಿಮ್ಮೂರ ಲೈನ್‌ಮನ್ ನಂಬರು ಗೊತ್ತಿಲ್ಲದಿದ್ದರೆ ಬೆಸ್ಕಾಂ ಸಹಾಯವಾಣಿ 1912. ಗ್ರೂಪಿನಲ್ಲಿ ಪಿನ್ ಮಾಡಿ ಇಡಿ.